ಮಡಿಲ ಮೇಲಿನ ಚೀಲ

ಮಗಳು ವಿಲ್ಲಾ ಹುಟ್ಟಿದಾಗ ಅಮೆರಿಕದ ಡುಲೂತ್ ಊರಿನ ಆಸ್ಪತ್ರೆಯ ನರ್ಸ್ ಕಾರಿನವರೆಗೂ ಬಂದು, ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಪುಟ್ಟ ಸೀಟಿನ ಬೆಲ್ಟನ್ನು ಜಗ್ಗಿ ನೋಡಿದ ಮೇಲೇ ನಮ್ಮನ್ನು ಬಿಟ್ಟಿದ್ದಳು. ಮನೆ ಇದ್ದದ್ದು ನಾಲ್ಕು ಬೀದಿ ಆಚೆ.

ಅದೇ ಸೀಟನ್ನು ಹೊತ್ತುಕೊಂಡು, ವಿಲ್ಲಾಳನ್ನು ಅವಳ ಅಜ್ಜಿಗೆ ತೋರಿಸಲೆಂದು ವಿಮಾನ ಹತ್ತಿದೆ. ಅವಳಿಗೂ ಕಿಟಕಿ ಪಕ್ಕದ ಟಿಕೆಟ್ ಕೊಂಡಿದ್ದೆ. ಆ ಜಾಗಕ್ಕೆ ಮಗುವಿನ ಸೀಟನ್ನು ಕಟ್ಟುವಷ್ಟರಲ್ಲಿ ಡಾರ್ಲಾ ಎಂಬ ಗಗನಸಖಿ ಬಂದಳು.

"ಇದನ್ನ ಕೆಳಗೆ ಲಗೇಜಿಗೆ ಕಳಿಸ್ತೀವಿ ಮೇಡಂ. ವಿಮಾನ ತುಂಬಿದೆ, ಈ ಜಾಗ ಇನ್ನೊಬ್ಬರಿಗೆ ಬೇಕು."

"ಇದು ನನ್ನ ಮಗಳ ಜಾಗ. ಟಿಕೆಟ್ ಇದೆ ನೋಡಿ."

"ಎರಡು ವರ್ಷ ಆಗಿಲ್ವಲ್ಲ, ಮಡಿಲಲ್ಲಿ ಕೂರಿಸ್ಕೊಳ್ಳಿ. ಎಲ್ರೂ ಹಾಗೇ ಮಾಡೋದು."

"ಕಾರಲ್ಲಿ ಹಾಗೆ ಮಾಡಿದ್ರೆ ಪೊಲೀಸ್ರು ದಂಡ ಹಾಕ್ತಾರೆ."

"ಇದು ಕಾರಲ್ವಲ್ಲ."

ಹಿಂದಿನ ಸಾಲಿನ ಗಂಡಸು ಗೊಣಗಿದ. "ಒಂದು ಮಗು ಎತ್ಕೊಳ್ಳೋಕೆ ಇಷ್ಟೊಂದು ರಂಪ ಯಾಕಮ್ಮ? ನಾವೂ ಊರು ಸೇರ್ಬೇಕು."

ಮಗುವಿನ ಸೀಟು ಲಗೇಜಿಗೆ ಹೋಯಿತು. ವಿಲ್ಲಾಳ ಜಾಗದಲ್ಲಿ ಯಾರೋ ಕೂತು ಚಿಪ್ಸ್ ಪೊಟ್ಟಣ ಬಿಚ್ಚಿದರು. ಮಗಳನ್ನು ಒಂದು ಕೈಯಲ್ಲಿ ಅವುಚಿಕೊಂಡು, ಡೈಪರ್ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡೆ.

ವಿಮಾನ ಹೊರಡುವ ಮುನ್ನ ಡಾರ್ಲಾ ಮತ್ತೆ ಬಂದಳು.

"ಮೇಡಂ, ಚೀಲ ಮಡಿಲಲ್ಲಿ ಇಟ್ಕೊಳ್ಳೋ ಹಾಗಿಲ್ಲ. ವಿಮಾನ ಜೋರಾಗಿ ಕುಲುಕಿದ್ರೆ ಹಾರಿ ಹೋಗತ್ತೆ. ಸೀಟಿನ ಕೆಳಗೆ ಭದ್ರವಾಗಿ ತಳ್ಳಿ."

ನಾನು ಚೀಲವನ್ನು ತಳ್ಳಿದೆ. "ಮಗೂನ ಎಲ್ಲಿಗೆ ತಳ್ಳಲಿ?" ಎಂದು ಕೇಳಿದೆ.

ಅವಳು ನನ್ನ ಸೊಂಟದ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿ ಮುಂದಿನ ಸಾಲಿಗೆ ಹೋದಳು.