ಅಮ್ಮನ ಭಂಡಾರ

ಬೇವಿನ ಮರಕ್ಕೂ ಹುಳ ಹಿಡಿಯುತ್ತದೆ ಎಂದರೆ ಜರಗನಹಳ್ಳಿಯ ಕೆಂಪಕ್ಕ ನಕ್ಕುಬಿಡುತ್ತಿದ್ದಳು. ಅದೂ ಅವಳ ಮನೆಯೆದುರಿನ ಮರ, ಬೀದಿಗೆ ಬೀದಿಯೇ ಮಾರಮ್ಮನೆಂದು ಕೈಮುಗಿಯುವ ಮರ! ಹಬ್ಬಕ್ಕೊಮ್ಮೆ ಅದರ ಬೊಡ್ಡೆಗೆ ಹೊಸ ಸೀರೆ ಉಡಿಸುವ ಹಕ್ಕು ಅತ್ತೆಯ ಕಾಲದಿಂದ ಈ ಮನೆಯದು. ಹಳೆಯದನ್ನು ಬಿಚ್ಚುವ ಪದ್ಧತಿಯಿಲ್ಲ, ಅದರ ಮೇಲೆಯೇ ಇನ್ನೊಂದು.

ಎರಡು ವರ್ಷದ ಹಿಂದೆ ಸೀರೆಯ ಅಂಚಿನಿಂದ ಹಳದಿ ಪುಡಿ ಉದುರತೊಡಗಿತು. ಅಮ್ಮ ಅರಿಶಿನದ ಭಂಡಾರ ಕೊಡುತ್ತಿದ್ದಾಳೆಂದು ಕೆಂಪಕ್ಕನೇ ಮೊದಲು ಹಣೆಗಿಟ್ಟುಕೊಂಡಳು. ಸುದ್ದಿ ಹಬ್ಬಿ, ಶುಕ್ರವಾರವಾದರೆ ಜೆ.ಪಿ. ನಗರದ ಕಾರುಗಳೂ ಬಂದು ನಿಂತವು. ಅವಳು ಪೊಟ್ಟಣ ಕಟ್ಟಿ ಹಂಚಿದ್ದೇ ಹಂಚಿದ್ದು.

ಕನಕಪುರ ರಸ್ತೆಯ ನರ್ಸರಿಯ ರಘು ಆಗಲೇ ಹೇಳಿದ್ದ. “ಅಕ್ಕ, ಇದು ಭಂಡಾರ ಅಲ್ಲ, ಹುಳ ಕೊರೆದಿರೋ ಪುಡಿ. ಸೀರೆ ಬಿಚ್ಚಿ ತೂತಿಗೆ ಔಷ್ದಿ ಬಿಟ್ಟು ಮಣ್ಣು ಮೆತ್ತಿದ್ರೆ ಮರ ಉಳ್ಕೊಳ್ಳುತ್ತೆ.”

“ನಿಮ್ಮಮ್ಮನ ಸೀರೆ ಹಿಂಗೇ ಬಿಚ್ತೀಯೇನೋ?” ಎಂದು ಕೆಂಪಕ್ಕ ಬೀದಿಗೆಲ್ಲ ಕೇಳುವಂತೆ ಉಗಿದು ಕಳಿಸಿದ್ದಳು.

ಈ ಆಷಾಢದ ಗಾಳಿಗೆ ಕೊಂಬೆಯೊಂದು ಶಾಲೆಯ ವ್ಯಾನಿನ ಪಕ್ಕದಲ್ಲೇ ಮುರಿದು ಬಿತ್ತು. ಒಳಗೆಲ್ಲ ಟೊಳ್ಳು. ಕೆಂಪಕ್ಕ ಬಿಗುಮಾನ ಬಿಟ್ಟು ತಾನೇ ಹೋಗಿ ರಘುವನ್ನು ಕರೆತಂದಳು, ಬೀದಿ ನೋಡುತ್ತಿದ್ದಂತೆಯೇ ಒಂದೊಂದೇ ಸೀರೆ ಬಿಚ್ಚಿದಳು. ಒಳಗಿನವು ತೊಗಟೆಯ ಸಮೇತ ಕಿತ್ತು ಬಂದವು. ರಘು ಬೊಡ್ಡೆಯನ್ನು ಸುತ್ತಲೂ ಸುತ್ತಿಗೆಯಿಂದ ತಟ್ಟಿ ನೋಡಿದ.

“ಔಷ್ದಿ ಹಾಕಪ್ಪ. ಎಷ್ಟು ದಿನ ಆದ್ರೂ ಆಗ್ಲಿ.”

“ಆವತ್ತೇ ಆಗಿದ್ರೆ ಹಾಕ್ತಿದ್ದೆ ಅಕ್ಕ. ಈಗ ತಿರುಳೇ ಇಲ್ಲ. ಇನ್ನೊಂದು ಗಾಳಿ ಬಂದ್ರೆ ಮಕ್ಕಳ ಮೇಲೆ ಬೀಳುತ್ತೆ. ಜನ ನಿಮ್ ಮಾತೇ ಕೇಳೋದು, ನೀವೇ ಹೇಳ್ಬೇಕು.”

“ಕಡೀರಿ” ಎಂದಳು. ಅನುಮತಿಯ ಅರ್ಜಿಗೆ ಮೊದಲ ರುಜು ಹಾಕಿದವಳೂ ಅವಳೇ. ಅನುಮತಿ ಸಿಕ್ಕಿ ಮರ ಉರುಳಿತು.

ಮುಂದಿನ ಶುಕ್ರವಾರ, ವಾರವಾರ ಪೊಟ್ಟಣ ಒಯ್ಯುತ್ತಿದ್ದ ಸೀತಾಲಕ್ಷ್ಮಿ ಕಾರಿನಿಂದ ಇಳಿದವಳೇ ಸಿಡುಕಿದಳು. “ಸೀರೆ ಬಿಚ್ಚಿದ್ರಂತೆ? ಇನ್ನೆಲ್ಲಿ ಅಮ್ಮ ಇರ್ತಾಳೆ!” ಸುತ್ತ ನಿಂತವರು ಹೂಂಗುಟ್ಟಿದರು.

ಮರ ಸತ್ತದ್ದು ಬಿಚ್ಚಿದ್ದಕ್ಕಲ್ಲ, ಬಿಚ್ಚದೆ ಇದ್ದದ್ದಕ್ಕೆ ಎಂದು ಕೂಗಿ ಹೇಳಬೇಕೆನಿಸಿತು ಕೆಂಪಕ್ಕನಿಗೆ. ಆದರೆ ಅದನ್ನು ಹೇಳಹೊರಟರೆ, ಎರಡು ವರ್ಷ ಇವರೆಲ್ಲರ ಹಣೆಗೆ ತಾನು ಹಚ್ಚಿದ್ದು ಹುಳದ ಹೇಲೆಂದೂ ಹೇಳಬೇಕಾಗಿತ್ತು.

“ಹೌದು ಮೇಡಂ, ನಾನೇ ಅಮ್ಮನ್ನ ಓಡಿಸ್ದೆ” ಎಂದು ತಲೆ ತಗ್ಗಿಸಿದಳು. ಬೀದಿಗೆ ಅಷ್ಟೇ ಬೇಕಾಗಿತ್ತು.