ಕಣ್ಣಿಗೆ ಬಿಟ್ಟ ಹನಿ

ಬೀಜಾಡಿಯ ಚಂದ್ರಮತಿ ಕಣ್ಣಿನ ಡಾಕ್ಟರ ಮುಂದೆ ಕೂತಾಗ ಅವಳ ಎರಡೂ ಕಿವಿಯಲ್ಲಿ ಹತ್ತಿ ಇತ್ತು.

ಮೂರು ದಿನದ ಹಿಂದೆ ಬಂಗುಡೆ ಬುಟ್ಟಿ ಇಳಿಸುವಾಗ ಮೀನಿನ ರೆಕ್ಕೆ ಬಲಗಣ್ಣಿಗೆ ತಾಗಿತ್ತು. ಡಾಕ್ಟರು ಹನಿ ಬರೆದುಕೊಟ್ಟು, ಗಂಟೆಗೊಮ್ಮೆ ಬಿಡಲು ಹೇಳಿದ್ದರು. ಈಗ ನೋಡಿದರೆ ಕರಿಗುಡ್ಡೆಯ ಮೇಲಿನ ಬಿಳಿ ಹುಣ್ಣು ದೊಡ್ಡದಾಗಿದೆ.

"ಹನಿ ಬಿಟ್ಕಂಡಿದ್ಯಾ, ಇಲ್ಯಾ?"

"ಮಗಳ್ ಬಿಟ್ಳ್. ನಾನ್ ಸೆರಗಂಗೆ ಒರ್ಸಿದೆ."

"ಎಂತಕ್ಕೆ? ಕೆಮಿಗೆ ಹತ್ತಿ ಬೇರೆ! ಹನಿ ಬಿಡುದ್ ಕಣ್ಣಿಗೆ, ಮಾರಾಯ್ತಿ."

ಚಂದ್ರಮತಿ ಪಕ್ಕದಲ್ಲಿದ್ದ ಗಂಡ ಕುಷ್ಟನನ್ನು ತೋರಿಸಿದಳು. ಏಳು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ರಕ್ತಕ್ಕೆ ನಂಜೇರಿ ಅವನು ಆಸ್ಪತ್ರೆ ಸೇರಿದ್ದ. ಜೆಂಟಾಮೈಸಿನ್ ಎಂಬ ಮದ್ದು ಎರಡು ವಾರ ಸೂಜಿಯಲ್ಲಿ ನರಕ್ಕೆ ಹೋಯಿತು. ಜೀವ ಉಳಿಯಿತು, ಕಿವಿ ಹೋಯಿತು. ಅಂದಿನಿಂದ ಫೋನು, ಮೀನಿನ ಏಲಂ, ಬಾಗಿಲು ಬಡಿದ ಸದ್ದು, ಎಲ್ಲವನ್ನೂ ಅವನ ಪರವಾಗಿ ಕೇಳುವವಳು ಅವಳೇ. ಮಗಳು ಸ್ವಾತಿ ಹನಿಯ ಬಾಟಲಿ ಮೇಲೆ ಅದೇ ಹೆಸರು ಓದಿದಾಗ, ಮದ್ದು ಕಿವಿಗೆ ಇಳಿಯದಿರಲೆಂದು ಚಂದ್ರಮತಿ ಹತ್ತಿ ಇಟ್ಟುಕೊಂಡಿದ್ದಳು.

"ಮನಿಯಂಗೆ ಒಬ್ರಿಗಾರೂ ಕೆಮಿ ಬೇಡ್ದಾ ಡಾಕ್ಟ್ರೆ?"

ಡಾಕ್ಟರು ಟಾರ್ಚು ಕೆಳಗಿಟ್ಟರು. "ಮದ್ದ್ ಅದೇ, ಹೋಪ ದಾರಿ ಬೇರೆ. ನರಕ್ಕೆ ಕೊಟ್ರೆ ನೆತ್ತರಂಗೆ ಇಡೀ ಮೈ ತಿರ್ಗತ್ತ್, ಕಿಡ್ನಿಗೂ ಹೋತ್ತ್, ಕೆಮಿಗೂ ಹೋತ್ತ್. ಹನಿ ಕಣ್ಣಂಗೇ ಇರತ್ತ್. ನೆತ್ತರಿಗೆ ಸೇರುದ್ ಇಲ್ಲ ಅಂಬಷ್ಟ್ ಕಡ್ಮಿ. ಅವತ್ತ್ ನರಕ್ಕೆ ಕೊಡ್ದಿರೆ ಇವ್ರ್ ಉಳೀತಿರ್ಲಿಲ್ಲ. ಇವತ್ತ್ ಹನಿ ಬಿಡ್ದಿರೆ ನಿನ್ ಕಣ್ಣ್ ಉಳುದಿಲ್ಲ."

ಕುಷ್ಟ ಅವಳ ಭುಜ ಅಲುಗಿಸಿ ದೊಡ್ಡ ದನಿಯಲ್ಲಿ ಕೇಳಿದ: "ಎಂತ ಅಂದ್ರ್?"

ತುಟಿ ಕಾಣುವಂತೆ ಅವನತ್ತ ತಿರುಗಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದೇ ಮಾತಾಗಿ ಹೇಳಿದಳು. "ಹನಿ ಕಣ್ಣಂಗೇ ಇರತ್ತ್" ಎಂಬಲ್ಲಿ ನಿಂತಳು. ಅವನಿಗೆ ಅರ್ಥವಾಗಿದ್ದರೂ ಅದನ್ನೇ ಮತ್ತೊಮ್ಮೆ ಹೇಳಿದಳು.

"ಹಾಂಗಾರೆ ಬಿಡ್ಸ್ಕ," ಎಂದ ಕುಷ್ಟ. "ನನ್ ಮುಖ ಕಾಂಬುದ್ ಬೇಡ ಅಂದೇಳಿ ಕಣ್ಣ್ ಕಳ್ಕಂತ್ಯಾ?"

ಅವಳು ಹತ್ತಿ ಕಿತ್ತು, ತಲೆ ಹಿಂದಕ್ಕೆ ವಾಲಿಸಿದಳು.

ಮೂರು ವಾರದಲ್ಲಿ ಹುಣ್ಣು ಮಾಗಿತು. ಆದರೆ ಕಲೆ ಉಳಿದು ಬಲಗಣ್ಣಿಗೆ ಎಲ್ಲವೂ ಮಂಜು ಕವಿದಂತೆ ಕಾಣುತ್ತಿತ್ತು. "ಆ ಮೂರ್ ದಿನ ಒರ್ಸ್ದೇ ಇದ್ದಿರೆ ಈ ಕಲೆ ಉಳೀತಿರ್ಲಿಲ್ಲ," ಎಂದರು ಡಾಕ್ಟರು.

ಎಂತ ಅಂದರೆಂದು ಕುಷ್ಟ ಕೇಳಿದ.

"ವಾಸಿ ಆಯ್ತಂಬ್ರ್," ಎಂದಳು ಚಂದ್ರಮತಿ, ತುಟಿ ಚೆನ್ನಾಗಿ ಅರಳಿಸಿ.