ಹುಟ್ಟಿದೂರಿಗೆ ಎರವಲು ಬಂದ ಕೊಡಲಿ

ನಾನೊಂದು ಕಲ್ಲಿನ ಕೊಡಲಿ. ನನ್ನ ಮರದ ಹಿಡಿ ಎಂದೋ ಮಣ್ಣಾಗಿ ಹೋಯಿತು. ಉಳಿದಿರುವುದು ಅಂಗೈಯಗಲದ ಕಪ್ಪು ಮೈ, ಒಂದು ಕಡೆ ಹರಿತವಾದ ಬಾಯಿ. ಕಲ್ಲು ಇಟ್ಟಲ್ಲೇ ಇರುತ್ತದೆ ಎನ್ನುತ್ತಾರೆ. ಇರುತ್ತದೆ, ನಿಜ. ಇಟ್ಟಲ್ಲಿ ನೆಮ್ಮದಿಯಾಗಿ ಇರುತ್ತದೆ ಎಂದು ಯಾರು ಹೇಳಿದರು?

ನಾನು ಹುಟ್ಟಿದ್ದು ಬಳ್ಳಾರಿ ಸೀಮೆಯ ಹಿರೇಬಸರಿ ಗುಡ್ಡದಲ್ಲಿ. ಕಬ್ಬಿಣವನ್ನು ಆಗ ಯಾರೂ ಕಂಡಿರಲಿಲ್ಲ. ಗುಡ್ಡದ ಮೈಯಲ್ಲಿ ಹಾದುಹೋದ ಕರಿಕಲ್ಲಿನ ಪಟ್ಟೆಯಿಂದ ನನ್ನನ್ನು ಒಡೆದು ತೆಗೆದರು. ಹೆಂಗಸೊಬ್ಬಳು ಬಂಡೆಯ ಮೇಲೆ ಮರಳು ಹಾಕಿ, ನೀರು ಚಿಮುಕಿಸಿ, ನನ್ನನ್ನು ಹಿಂದಕ್ಕೂ ಮುಂದಕ್ಕೂ ತಿಕ್ಕಿದಳು. ತಿಕ್ಕುವಾಗ ಏನೋ ಗುನುಗುತ್ತಿದ್ದಳು. ಬಾಯಿ ಹರಿತವಾಯಿತೇ ಎಂದು ನೋಡಲು ಹೋಗಿ ಹೆಬ್ಬೆರಳು ಕೊಯ್ದುಕೊಂಡು ನಕ್ಕಳು. ಆಮೇಲೆ ನಾನು ಮರ ಕಡಿದೆ, ಗೆಡ್ಡೆ ಅಗೆದೆ, ಕೈಯಿಂದ ಕೈಗೆ ದಾಟಿದೆ. ಒಂದು ಮಳೆಗಾಲ ಯಾರದೋ ಕೈಯಿಂದ ಜಾರಿ ಹಳ್ಳಕ್ಕೆ ಬಿದ್ದೆ. ಹುಡುಕಿದರು, ಸಿಗಲಿಲ್ಲ. ಮೇಲೆ ಮಣ್ಣು ಕೂತಿತು. ರಾಜರು ಬಂದರಂತೆ, ಹೋದರಂತೆ. ನನಗೆ ಕೇಳಿಸುತ್ತಿದ್ದುದು ಕುರಿಗಳ ಗೊರಸಿನ ಸದ್ದು ಮಾತ್ರ.

ನನ್ನನ್ನು ಬೆಳಕಿಗೆ ತಂದವಳು ಹೊನ್ನೂರವ್ವ. ಕುರುಬರ ಮನೆಗೆ ಆಗ ತಾನೇ ಸೊಸೆಯಾಗಿ ಬಂದವಳು. ಗುಡುಗು ಮಳೆ ಹೊಡೆದ ಮರುದಿನ ಹಳ್ಳದ ದಂಡೆ ಕುಸಿದಿತ್ತು. ಕೆಸರಿನಲ್ಲಿ ಮಿಂಚುತ್ತಿದ್ದ ನನ್ನನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. "ಸಿಡಿಲಗುಂಡು!" ಎಂದಳು. ಸಿಡಿಲು ನೆಲದೊಳಗೆ ಇಳಿದು ಇಂಥ ಕಲ್ಲಾಗುತ್ತದೆಂದು ಅವಳ ಮಂದಿಯ ನಂಬಿಕೆ. ಕುರಿಹಟ್ಟಿಯ ಮೂಲೆಯಲ್ಲಿ ಅರಿಶಿನ ಬಳಿದು ನನ್ನನ್ನು ಇಟ್ಟಳು. ಮಂದೆಗೆ ಬೇನೆ ಬಂದರೆ ನನ್ನ ಮೇಲೆ ನೀರು ಹೊಯ್ದು, ಆ ನೀರನ್ನು ಕುರಿಗಳಿಗೆ ಚಿಮುಕಿಸುತ್ತಿದ್ದಳು. ಬೇನೆ ಕೆಲವು ಸಲ ಹೋಗುತ್ತಿತ್ತು, ಕೆಲವು ಸಲ ಹೋಗುತ್ತಿರಲಿಲ್ಲ. ಹೋಗದಿದ್ದಾಗಲೂ ಅವಳು ನನ್ನನ್ನು ಬಯ್ಯಲಿಲ್ಲ. ಒಳಗೊಳಗೇ ಕುದಿಯುತ್ತಿದ್ದದ್ದು ನಾನು. ಕಡಿಯಲು ಹುಟ್ಟಿದ ನನಗೆ ಕಾಯುವ ಕೆಲಸ ಬಂದಿತ್ತು.

ಅವಳ ತಲೆಗೂದಲಲ್ಲಿ ಬಿಳಿ ಇಣುಕುವ ಹೊತ್ತಿಗೆ ಶೇಕ್ಷಾವಲಿ ಮೇಷ್ಟ್ರು ಹಟ್ಟಿಗೆ ಬಂದರು. ಹಿರೇಬಸರಿಯ ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದವರು. ಭಾನುವಾರ ಬಂತೆಂದರೆ ಸೈಕಲ್ಲನ್ನು ಗುಡ್ಡದ ಬುಡದಲ್ಲಿ ಒರಗಿಸಿ ಕಲ್ಲು, ಒಡೆದ ಮಡಕೆಯ ಬೋಕಿ ಆರಿಸುತ್ತ ತಿರುಗುತ್ತಿದ್ದರು. ನನ್ನನ್ನು ಕಂಡು ಮಂಡಿಯೂರಿ ಕೂತುಬಿಟ್ಟರು.

"ಹೊನ್ನೂರವ್ವ, ಇದು ಸಿಡಿಲಲ್ಲವ್ವ. ಈ ಗುಡ್ಡದಾಗೆ ಬಾಳಿದ ನಮ್ಮ ಹಿರೇರು ಕೈಯಾರೆ ಮಾಡಿದ್ದು."

"ಹಿರೇರು ಮಾಡಿದ್ದಾದ್ರೆ ಸಿಡಿಲಿಗಿಂತ ದೊಡ್ಡದಾತು ನೋಡ್ರಿ" ಎಂದಳು ಅವಳು.

ಮೇಷ್ಟ್ರು ಬಂದ ಕೆಲಸ ಹೇಳಿದರು. ಸರ್ಕಾರ ಸಣ್ಣ ಊರುಗಳಲ್ಲೂ ಮ್ಯೂಸಿಯಂ ತೆರೆಯುತ್ತಿತ್ತು. ಹಿರೇಬಸರಿಗೂ ಒಂದು ಮಂಜೂರಾಗಿತ್ತು. ಹೊನ್ನೂರವ್ವ ಸೆರಗಿನಲ್ಲಿ ನನ್ನನ್ನು ಒರೆಸಿದಳು.

"ಕೊಡ್ತೀನ್ರಿ ಮೇಷ್ಟ್ರೇ. ನೂರು ಮಂದಿ ನೋಡ್ಲಿ. ಆದ್ರೆ ಇದು ಊರು ದಾಟಬಾರ್ದು."

"ದಾಟಂಗಿಲ್ಲ. ನನ್ನ ಮಾತು."

ಊರ ಹಳೆಯ ಪ್ರವಾಸಿ ಮಂದಿರವೇ ಮ್ಯೂಸಿಯಂ ಆಯಿತು. ಮಂತ್ರಿಗಳು ಬಂದು ಟೇಪು ಕತ್ತರಿಸಿದರು. ಗಾಜಿನ ಬೀರುವಿನಲ್ಲಿ, ದೀಪದ ಕೆಳಗೆ ನಾನು ಕೂತೆ. ಶಾಲೆಯ ಮಕ್ಕಳು ಸಾಲಾಗಿ ಬಂದರು, ಸಂತೆಗೆ ಬಂದವರು ಚೀಲ ಹೊರಗಿಟ್ಟು ಬಂದರು. ನೋಡಿಕೊಳ್ಳಲು ಗುತ್ತಿಗೆಯ ಮೇಲೆ ವನಜಾಕ್ಷಿ ಎಂಬ ಹೆಣ್ಣುಮಗಳು ಸೇರಿದಳು, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಒಂದಷ್ಟು ಕಾಲ ಎಲ್ಲ ಸರಿಯಿತ್ತು.

ಆಮೇಲೆ ಸರ್ಕಾರ ಬದಲಾಯಿತು. ಯೋಜನೆಗೆ ಹೊಸ ಹೆಸರು ಬಂತು. ಹೊಸ ಕಟ್ಟಡ ಕಟ್ಟಲು ಅದರಲ್ಲಿ ಅನುದಾನವಿತ್ತು, ಕಟ್ಟಿದ್ದನ್ನು ಕಾಪಾಡಿಕೊಳ್ಳಲು ಇರಲಿಲ್ಲ. ಕಾವಲುಗಾರ ಬರುವುದು ನಿಂತಿತು. ಕರೆಂಟು ಹೋಯಿತು. ವನಜಾಕ್ಷಿಯ ಸಂಬಳ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಆದರೆ ಅವಳು ಬರುತ್ತಿದ್ದಳು. ಮಳೆ ಹಿಡಿದರೆ ಮನೆಯಿಂದ ಪಾತ್ರೆ ತಂದು ಸೋರುವ ಕಡೆ ಇಡುತ್ತಿದ್ದಳು. ನನಗೇನು, ಮಳೆಯಲ್ಲಿ ನೆನೆದೇ ಬಂದವನು. ಪಕ್ಕದ ಬೀರುವಿನ ಬಣ್ಣದ ಮಡಕೆ ಮಾತ್ರ ಒದ್ದೆಯಾಗಿ, ಬಿರಿದು, ಒಂದು ಬೆಳಿಗ್ಗೆ ತನ್ನಷ್ಟಕ್ಕೆ ಕುಸಿಯಿತು. ವನಜಾಕ್ಷಿ ಅದರ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತಳು.

ಮರುದಿನವೇ ಅವಳು ಕಚೇರಿಗಳಿಗೆ ಅಲೆಯತೊಡಗಿದಳು. ಇಲಾಖೆಯವರು, "ಕಟ್ಟಡ ಪಟ್ಟಣ ಪಂಚಾಯಿತಿಯದು, ಅವರನ್ನು ಕೇಳಿ" ಎಂದರು. ಪಂಚಾಯಿತಿಯವರು, "ಒಳಗಿನ ಸಾಮಾನು ಸರ್ಕಾರದ್ದು, ಅಲ್ಲಿ ಕೇಳ್ರಿ" ಎಂದರು. ಸಂಜೆ ಬಂದು ಕುರ್ಚಿಯಲ್ಲಿ ಕುಸಿದು ಇದನ್ನೆಲ್ಲ ಮೇಷ್ಟ್ರಿಗೆ ಹೇಳುತ್ತಿದ್ದಳು. ಮೇಷ್ಟ್ರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಕೂರಲಾರದೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದರು.

ಕೊನೆಗೆ ಆದೇಶ ಬಂತು. ಜನ ಬಾರದ ಮ್ಯೂಸಿಯಂಗಳನ್ನು ಮುಚ್ಚಬೇಕು, ಬೆಲೆಬಾಳುವ ವಸ್ತುಗಳನ್ನು ರಾಜಧಾನಿಗೆ ಸಾಗಿಸಬೇಕು. ಆದೇಶದ ಹಿಂದೆಯೇ ವ್ಯಾನೂ ಬಂತು. ಜೊತೆಗೆ ಬಂದ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಕೈಗವಸು ಹಾಕಿಕೊಂಡು ನನ್ನನ್ನು ಹತ್ತಿಯಲ್ಲಿ ಸುತ್ತುತ್ತಿದ್ದಾಗ ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದರು.

"ಸಾರ್, ಇದೊಂದನ್ನ ಬಿಡ್ರಿ. ಊರು ದಾಟಸಂಗಿಲ್ಲ ಅಂತ ಮಾತು ಕೊಟ್ಟೀನಿ."

"ಯಾರಿಗೆ ಸಾರ್?"

"ಕುರಿ ಕಾಯೋ ಒಬ್ಬ ಹೆಣ್ಮಗಳಿಗೆ."

ಅಧಿಕಾರಿ ಮೇಲೆ ನೋಡಿದ. ಚಾವಣಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. "ಇಲ್ಲಿ ಹಾಳಾಗುತ್ತೆ ಸಾರ್. ಅಲ್ಲಿ ಸುರಕ್ಷಿತವಾಗಿರುತ್ತೆ. ನೀವೇ ಹೇಳಿ, ಯಾವುದು ಸರಿ?"

ಮೇಷ್ಟ್ರೂ ತಲೆಯೆತ್ತಿ ಆ ಹನಿಯನ್ನೇ ನೋಡಿದರು. ವ್ಯಾನಿನ ಬಾಗಿಲು ಮುಚ್ಚಿತು.

ಅಧಿಕಾರಿ ಹೇಳಿದ್ದು ಸುಳ್ಳಲ್ಲ. ರಾಜಧಾನಿಯ ಉಗ್ರಾಣದಲ್ಲಿ ನಾನು ಸುರಕ್ಷಿತವಾಗಿದ್ದೆ. ತಂಪು ಗಾಳಿ, ಮೆತ್ತನೆಯ ಹಾಸು, ಮೈಗೆ ಅಂಟಿಸಿದ ಸಂಖ್ಯೆ, ಸುತ್ತ ಉಕ್ಕಿನ ಡ್ರಾಯರು. ಮಣ್ಣಿನಲ್ಲಿ ಹೂತಿದ್ದಾಗ ಬೇರುಗಳಾದರೂ ನನ್ನನ್ನು ತಡವುತ್ತಿದ್ದವು, ಎರೆಹುಳು ಸುತ್ತು ಹಾಕಿ ಹೋಗುತ್ತಿತ್ತು. ಇಲ್ಲಿ ಏನೂ ಇಲ್ಲ. ಹೆಜ್ಜೆ ಸದ್ದಾದಾಗಲೆಲ್ಲ ನನ್ನ ಡ್ರಾಯರೇ ತೆರೆಯುತ್ತದೆಂದು ಕಾದೆ. ಪಕ್ಕದ್ದು ತೆರೆಯುತ್ತಿತ್ತು, ಕೆಳಗಿನದು ತೆರೆಯುತ್ತಿತ್ತು. ನನ್ನಂಥ ಕೊಡಲಿಗಳು ಅಲ್ಲಿ ರಾಶಿಯಿದ್ದವು, ಒಂದೊಂದಕ್ಕೂ ಒಂದೊಂದು ಗುಡ್ಡ. ತೋರಿಸಲು ಒಂದೇ ಸಾಕಿತ್ತು. ಅದು ನಾನಾಗಿರಲಿಲ್ಲ.

ಇತ್ತ ಊರಿನಲ್ಲಿ ನಡೆದದ್ದು ಮುಂದೆ ವನಜಾಕ್ಷಿಯ ಬಾಯಿಂದ ನನಗೆ ಗೊತ್ತಾಯಿತು. ಬಾಗಿಲಿಗೆ ಬೀಗ ಬೀಳುವ ಮೊದಲು ಒಂದು ದಿನ ಹೊನ್ನೂರವ್ವ ಮ್ಯೂಸಿಯಂಗೆ ಬಂದಳಂತೆ. ಖಾಲಿ ಬೀರುವನ್ನು ನೋಡಿದಳು, ಏನೂ ಕೇಳಲಿಲ್ಲ, ತಿರುಗಿ ಹೋದಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ಅವರು ಕುರುಬರ ಓಣಿಯಲ್ಲಿ ಕಾಲಿಡಲಿಲ್ಲ. ಮಸೀದಿಗೆ ಹೋಗಲೂ ಕೆರೆಯ ಏರಿ ಬಳಸಿ ಹೋಗುತ್ತಿದ್ದರು. ಮನೆಯಲ್ಲೂ ಕಾಲು ನಿಲ್ಲಲಿಲ್ಲ. ವನಜಾಕ್ಷಿಯ ಜೊತೆ ಅವರೂ ಅಲೆದಾಟಕ್ಕೆ ಇಳಿದರು. ಶಾಸಕರ ಮನೆ, ಜಿಲ್ಲಾ ಕಚೇರಿ, ರಾಜಧಾನಿಯ ಇಲಾಖೆ. ಬೇರೆ ಊರುಗಳಿಂದಲೂ ಇಂಥದೇ ಕೂಗು ಎದ್ದಿತ್ತು. ಸರ್ಕಾರ ನೀತಿ ಬದಲಿಸಿತು. ಚಾವಣಿ, ಬೀಗ, ಕಾವಲಿನ ಹೊಣೆಯನ್ನು ಸ್ಥಳೀಯ ಸಂಸ್ಥೆ ತನ್ನ ಬಜೆಟ್ಟಿನಲ್ಲೇ ಹೊರುವುದಾದರೆ, ಆ ಊರಿನ ವಸ್ತುಗಳನ್ನು ಊರಿಗೆ ಕಳಿಸಬಹುದು.

ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ವಾರ್ಡಿನ ಸದಸ್ಯರೊಬ್ಬರು ಎದ್ದು ನಿಂತರು. "ನಮ್ಮ ಓಣ್ಯಾಗೆ ಚರಂಡಿ ಇಲ್ಲ. ಕಲ್ಲಿಗೆ ರೊಕ್ಕ ಇಡಾನೇನ್ರಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ವನಜಾಕ್ಷಿಗೂ ಅದು ಗೊತ್ತಿತ್ತು. ಆದರೂ ಹೇಳಿದಳು, "ಚರಂಡಿ ಬೇಕಣ್ಣ, ನಾನೂ ನಿಮ್ಮ ಜೊತೆ ನಿಂತು ಕೇಳ್ತೀನಿ. ಇವತ್ತಲ್ಲ ನಾಳೆ ಎಲ್ಲಾ ಊರಿಗೂ ಚರಂಡಿ ಬರ್ತೈತೆ. ಇದು ಹಂಗಲ್ಲ. ಇದು ಇರೋದು ನಮ್ಮೂರಿಗೆ ಒಂದಕ್ಕೇ. ಇದನ್ನ ಬ್ಯಾರೆ ಯಾವ ಊರೂ ಕಾಯಂಗಿಲ್ಲ."

ವಾದ ಬಹಳ ಹೊತ್ತು ನಡೆಯಿತು. ಆ ಸದಸ್ಯರು ಕೈ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಠರಾವು ಹೇಗೋ ಪಾಸಾಯಿತು, ಪ್ರತಿ ವರ್ಷ ಮತ್ತೆ ಸಭೆಯ ಮುಂದೆ ಇಡಬೇಕೆಂಬ ಷರತ್ತಿನ ಮೇಲೆ.

ಹೀಗೆ ನಾನು ಹಿರೇಬಸರಿಗೆ ಮರಳಿದೆ. ಹೊಸ ಹೆಂಚು, ಹೊಸ ಬೀಗ, ಗೋಡೆಯ ಮೂಲೆಯಲ್ಲಿ ಕಣ್ಣು ಬಿಟ್ಟ ಕ್ಯಾಮೆರಾ. ಹೊನ್ನೂರವ್ವ ಕೋಲೂರಿಕೊಂಡು ಬಂದಳು. ಬೆನ್ನು ಬಾಗಿತ್ತು. ಮೇಷ್ಟ್ರು ಗೇಟಿನ ಹೊರಗೆ, ಬೇಲಿಗೆ ಮುಖ ಮಾಡಿ ನಿಂತಿದ್ದರು.

"ಮೇಷ್ಟ್ರೇ, ಕಲ್ಲೇ ತಿರುಗಿ ಬಂತಂತೆ. ನೀವ್ಯಾಕೆ ಹೊರಗ ನಿಂತೀರಿ? ಒಳಗ ಬರ್ರಿ" ಎಂದು ಅವಳೇ ಕರೆದಳು.

ಮೇಷ್ಟ್ರು ಬಂದರು. "ಮಾತು ಉಳಿಸ್ಕೊಳ್ಳಲಿಲ್ಲವ್ವ ನಾನು" ಎಂದರು.

"ಉಳಿಸ್ಕೊಂಡಿಲ್ಲ ಅಂದಿದ್ರೆ ಇಷ್ಟು ವರ್ಷ ಚಪ್ಪಲಿ ಯಾಕ ಸವೆಸಿದ್ರಿ?" ಎಂದಳು ಹೊನ್ನೂರವ್ವ. ಗಾಜಿಗೆ ಕಣ್ಣು ಹತ್ತಿರ ತಂದು, "ಇನ್ನ ಇಲ್ಲೇ ಇರ್ತೈತಲ್ಲ?" ಎಂದು ಕೇಳಿದಳು.

ವನಜಾಕ್ಷಿ ತಡವರಿಸಿದಳು. "ಎರವಲು ಅಂತ ಕೊಟ್ಟಾರಜ್ಜಿ. ಕೆಲವು ವರ್ಷಕ್ಕೆ. ಆಮ್ಯಾಲೆ ಬಂದು ನೋಡ್ತಾರೆ, ಮತ್ತೆ ಮುಂದುವರಿಸಬೇಕು."

"ನಮ್ಮದನ್ನ ನಮಗೇ ಎರವಲು ಕೊಡಾಕ ಅವರ್ಯಾರವ್ವ?"

ಮುಟ್ಟಬಾರದೆಂಬ ಫಲಕ ಗಾಜಿನ ಮೇಲೆ ಇತ್ತು. ವನಜಾಕ್ಷಿ ಅದನ್ನು ನೋಡಿದಳು, ಕ್ಯಾಮೆರಾವನ್ನು ನೋಡಿದಳು, ಬೀಗ ತೆರೆದಳು. "ಮುಟ್ರಿ ಅಜ್ಜಿ. ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೊತೀನಿ." ಹೊನ್ನೂರವ್ವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಡ್ರಾಯರಿನ ತಣುಪು ನನ್ನ ಮೈ ಬಿಟ್ಟದ್ದು ಆಗ.

ಇದೆಲ್ಲ ಆಗಿ ವರ್ಷಗಳಾದವು. ಎರವಲಿನ ಅವಧಿ ಒಮ್ಮೆ ಮುಗಿದು, ಒಮ್ಮೆ ಮುಂದುವರಿದಿದೆ. ಈಗ ಮತ್ತೆ ಮುಗಿಯುತ್ತ ಬಂದಿದೆ. ಪಂಚಾಯಿತಿಗೆ ಹೊಸ ಸದಸ್ಯರು ಬಂದಿದ್ದಾರೆ, ವನಜಾಕ್ಷಿ ಅವರ ಮನೆಮನೆಗೆ ಹೋಗುತ್ತಿದ್ದಾಳೆ. ಮೇಷ್ಟ್ರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ; ಮಕ್ಕಳು ಬಂದ ದಿನ ಅಂಗಳದಲ್ಲೇ ಕೂತು ಗುಡ್ಡದ ಕಥೆ ಹೇಳುತ್ತಾರೆ. ಹೊನ್ನೂರವ್ವ ಸಂತೆಯ ದಿನ ಮೊಮ್ಮಗಳ ಹೆಗಲು ಹಿಡಿದು ಬರುತ್ತಾಳೆ. ಹೋದ ಸಂತೆಗೆ ಬರಲಿಲ್ಲ. ಜ್ವರವಂತೆ.

ಕಡತ ಹಿಡಿದು ಬರುವವರೆಲ್ಲ ಒಂದೇ ಮಾತು ಹೇಳುತ್ತಾರೆ: ಮುಂದಿನ ವರ್ಷ ನೋಡೋಣ, ಕಲ್ಲು ತಾನೇ, ಎಲ್ಲಿಗೆ ಹೋಗುತ್ತದೆ? ನಿಜ, ನಾನು ಎಲ್ಲಿಗೂ ಹೋಗುವುದಿಲ್ಲ. ಇನ್ನೆಷ್ಟು ಸಾವಿರ ಮಳೆಗಾಲ ಬೇಕಾದರೂ ಕಾಯಬಲ್ಲೆ. ನನ್ನನ್ನು ನೋಡಲು ಬರುವವರಿಗೆ ಅಷ್ಟು ಪುರುಸೊತ್ತಿಲ್ಲ.